ಉಲ್ಲೇಖ ಒಂದೇ, ತೂಕ ಬೇರೆ: ರೀಟಾ ಲೆವಿ-ಮೊಂಟಾಲ್ಚಿನಿ

ತರಗತಿ: ಹತ್ತು. ನರವ್ಯೂಹದ ಪಾಠಕ್ಕೆ ಪೂರಕ.

ಉದ್ದೇಶ: ಒಂದೇ ವೀಕ್ಷಣೆಗೆ ಎರಡು ವಿವರಣೆಗಳಿದ್ದಾಗ ಸರಿಯಾದುದನ್ನು ಪತ್ತೆಹಚ್ಚುವ ಬಗೆಯನ್ನು ವಿದ್ಯಾರ್ಥಿಗಳು ಸೂಚಿಸುವರು.

ನಿರೂಪಣೆ: ಕೋಳಿಭ್ರೂಣದಲ್ಲಿ ರೆಕ್ಕೆಯಾಗಲಿರುವ ಮೊಗ್ಗನ್ನು ತೆಗೆದರೆ ಅದಕ್ಕೆ ಸಂಬಂಧಿಸಿದ ನರಕೋಶಗಳು ಕಡಿಮೆಯಾಗುತ್ತವೆ ಎಂದು ವಿಕ್ಟರ್ ಹ್ಯಾಂಬರ್ಗರ್ 1934ರಲ್ಲಿ ಪ್ರಕಟಿಸಿದರು. ಅಂಗದಿಂದ ಪ್ರೇರಣೆ ಸಿಗದೆ ನರಕೋಶಗಳು ರೂಪುಗೊಳ್ಳಲೇ ಇಲ್ಲ ಎಂಬುದು ಅವರ ವಿವರಣೆ. ಇಟಲಿಯ ಟ್ಯೂರಿನ್‌ನ ರೀಟಾ ಆ ಲೇಖನವನ್ನು ಓದಿದರು. ಯಹೂದಿಯಾದ ಅವರಿಗೆ 1938ರ ಜನಾಂಗೀಯ ಕಾನೂನುಗಳಿಂದ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡು, ಹೊಲಿಗೆ ಸೂಜಿಗಳನ್ನು ಹರಿತಗೊಳಿಸಿ, ಗುರು ಜೂಸೆಪ್ಪೆ ಲೆವಿಯವರೊಡನೆ ಅಂಥದೇ ಪ್ರಯೋಗ ನಡೆಸಿದರು. ಬೇರೆ ಬೇರೆ ವಯಸ್ಸಿನ ಭ್ರೂಣಗಳಲ್ಲಿ ನರಕೋಶಗಳನ್ನು ಎಣಿಸಿದಾಗ, ಅವು ರೂಪುಗೊಂಡು ಆಮೇಲೆ ಸಾಯುತ್ತಿದ್ದುದು ಕಂಡಿತು. ಈ ಲೇಖನ 1942ರಲ್ಲಿ ಬೆಲ್ಜಿಯಂನ ನಿಯತಕಾಲಿಕೆಯಲ್ಲಿ ಅಚ್ಚಾಯಿತು.

ತಮ್ಮ ವಿವರಣೆಯನ್ನು ಅಲ್ಲಗಳೆದ ಲೇಖಕಿಯನ್ನು ಹ್ಯಾಂಬರ್ಗರ್ ಅಮೆರಿಕದ ಸೇಂಟ್ ಲೂಯಿಸ್‌ಗೆ ಆಹ್ವಾನಿಸಿದರು. 1949ರ ಇಬ್ಬರ ಜಂಟಿ ಲೇಖನ ನರಕೋಶಗಳ ಸಾವನ್ನು ದೃಢಪಡಿಸಿತು. ಮುಂದೆ ನರಗಳ ಬೆಳವಣಿಗೆಗೆ ಬೇಕಾದ ಅಂಶದ ಶೋಧಕ್ಕಾಗಿ ರೀಟಾ ಮತ್ತು ಸ್ಟ್ಯಾನ್ಲಿ ಕೊಹೆನ್ 1986ರ ನೊಬೆಲ್ ಪಡೆದರು.

ಚಟುವಟಿಕೆ: 1942ರ ಫಲಿತಾಂಶ ಹೇಳುವ ಮೊದಲು ಕೇಳಿ: "ನರಕೋಶಗಳು ಹುಟ್ಟಲಿಲ್ಲವೋ, ಹುಟ್ಟಿ ಸತ್ತವೋ? ಹೇಗೆ ತಿಳಿಯುವಿರಿ?" ಒಂದೇ ದಿನದ ಎಣಿಕೆ ಸಾಲದು ಎಂಬುದು ವಿದ್ಯಾರ್ಥಿಗಳಿಂದಲೇ ಬರಲಿ.

ಪ್ರಶಿಕ್ಷಣಾರ್ಥಿಗಳ ಚರ್ಚೆಗೆ: ಸಂಶೋಧಕರ ಪ್ರಭಾವವನ್ನು ಉಲ್ಲೇಖಗಳ ಸಂಖ್ಯೆಯಿಂದ ಅಳೆಯುವುದುಂಟು. ಆ ಲೆಕ್ಕದಲ್ಲಿ ಒಪ್ಪಿ ಉಲ್ಲೇಖಿಸಿದರೂ ಒಂದೇ, ಅಲ್ಲಗಳೆದು ಉಲ್ಲೇಖಿಸಿದರೂ ಒಂದೇ. ಇಲ್ಲಿ ವಿಜ್ಞಾನವನ್ನು ಮುಂದೆ ನಡೆಸಿದ್ದು ಯಾವುದು? ನಮ್ಮ ತರಗತಿಯಲ್ಲಿ ಪಠ್ಯದ ವಿವರಣೆಯನ್ನು ಪ್ರಶ್ನಿಸುವ ಉತ್ತರಕ್ಕೆ ಅಂಕ ಕೊಡುತ್ತೇವೆಯೇ?