ಮಿರಿಯಾಮಳ ಕೈಯ ದಮ್ಮಡಿ



ಖಾನಾಪುರದಿಂದ ಲೋಂಡಾಕ್ಕೆ ಹೋಗುವ ರೈಲುದಾರಿಯಲ್ಲಿ ಗುಂಜಿ ಇದೆ. ಈ ಸೀಮೆಯ ಕೊಂಕಣಿ ಕ್ರೈಸ್ತರಿಗೆ ಗುಮಟೆ ಪರಿಚಿತ ವಾದ್ಯ. ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ ಬಿಗಿದರೆ ಗುಮಟೆಯಾಯಿತು. ಸಾಮಾನ್ಯವಾಗಿ ಅದನ್ನು ಬಾರಿಸುವವರು ಗಂಡಸರು, ಹಾಡುವವರು ಹೆಂಗಸರು. "ಹೆಣ್ಣುಮಕ್ಕಳಿಗೇಕೆ ವಾದ್ಯ?" ಎಂಬ ಮಾತು ನಮ್ಮ ಗಾಯನವೃಂದಗಳಲ್ಲೂ ಕೇಳಿಬರುವುದುಂಟು. ದೇವರ ವಾಕ್ಯ ಏನನ್ನುತ್ತದೆ?

ವಿಮೋಚನಕಾಂಡ 15:20 ಓದಿರಿ. ಇಸ್ರಯೇಲರು ಕೆಂಪು ಸಮುದ್ರವನ್ನು ದಾಟಿ ಗುಲಾಮಗಿರಿಯಿಂದ ಪಾರಾಗಿದ್ದಾರೆ. ಆಗ ಮಿರಿಯಾಮಳು ಕೈಯಲ್ಲಿ ದಮ್ಮಡಿ ಹಿಡಿದು ಮುಂದೆ ನಡೆಯುತ್ತಾಳೆ. ಸ್ತ್ರೀಯರೆಲ್ಲರೂ ದಮ್ಮಡಿ ಬಡಿಯುತ್ತಾ ಅವಳ ಹಿಂದೆ ಬರುತ್ತಾರೆ. ಅವಳನ್ನು 'ಪ್ರವಾದಿನಿ' ಎಂದು ಕರೆಯುವುದೂ ಇದೇ ವಚನ. ಅಂದರೆ ಆ ವಾದನ ಬರಿಯ ಮನರಂಜನೆಯಲ್ಲ. ದೇವರ ಕಾರ್ಯವನ್ನು ಸಾರುವ ಸೇವೆ.

ಕೀರ್ತನೆ 68ರ ಮೆರವಣಿಗೆಯಲ್ಲಿ ಗಾಯಕರ ಮತ್ತು ವಾದ್ಯಗಾರರ ನಡುವೆ ದಮ್ಮಡಿ ಬಡಿಯುವ ಕನ್ಯೆಯರಿದ್ದಾರೆ. ಯೂದಿತಳ ಜಯಗೀತೆಯೂ (ಅಧ್ಯಾಯ 16) ದಮ್ಮಡಿಯೊಂದಿಗೇ ಆರಂಭವಾಗುತ್ತದೆ. ಪ್ರಾಚೀನ ಇಸ್ರಯೇಲ್ ನಾಡಿನ ಉತ್ಖನನಗಳಲ್ಲಿ ದಮ್ಮಡಿಯನ್ನು ಎದೆಗವಚಿಕೊಂಡ ಸ್ತ್ರೀಯರ ಮಣ್ಣಿನ ಬೊಂಬೆಗಳು ದೊರೆತಿವೆ.

ಮಿರಿಯಾಮ್ ಮತ್ತು ಮರಿಯ ಎರಡೂ ಒಂದೇ ಹೆಸರು. ದೀನರನ್ನು ಮೇಲೆತ್ತುವ ದೇವರನ್ನು ಮಾತೆ ಮರಿಯಮ್ಮನವರು ಎಲಿಜಬೇತಳ ಮನೆಯಲ್ಲಿ ಹಾಡಿ ಹೊಗಳಿದರು (ಲೂಕ 1:46-55). ಮಿರಿಯಾಮಳ ಹಾಡಿನ ಉಸಿರೇ ಅಲ್ಲಿಯೂ ಇದೆ.

ಈ ಹಾಡಿನ ಅರ್ಥ ನಮ್ಮ ನೆರೆಯಲ್ಲೇ ತಿಳಿಯುತ್ತದೆ. ಖಾನಾಪುರ, ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿರುವ ಸಿದ್ದಿಗಳಲ್ಲಿ ಕಥೋಲಿಕರೂ ಇದ್ದಾರೆ. ಅವರ ಪೂರ್ವಜರಲ್ಲಿ ಅನೇಕರನ್ನು ಆಫ್ರಿಕದಿಂದ ಗುಲಾಮರನ್ನಾಗಿ ತಂದಿದ್ದರು. ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರೂ ಇದ್ದರು. ದಮಾಮಿಯ ತಾಳಕ್ಕೆ ಸಿದ್ದಿ ಹೆಂಗಸರು ಹಾಡಿ ಕುಣಿಯುವಾಗ ಕೆಂಪು ಸಮುದ್ರದ ದಡ ನೆನಪಾಗದಿರದು.

1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಸ್ವಂತ ಸಂಗೀತ ಪರಂಪರೆಯನ್ನು ಗೌರವಿಸಲು ಹೇಳಿತು. ಪವಿತ್ರ ಆರಾಧನೆಗೆ ತಕ್ಕುದಾದ, ಭಕ್ತರ ಆತ್ಮೋನ್ನತಿಗೆ ನೆರವಾಗುವ ವಾದ್ಯಗಳನ್ನು ಧರ್ಮಾಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದು ಎಂದಿತು. ಬಾರಿಸುವ ಕೈ ಗಂಡಿನದೇ ಆಗಬೇಕೆಂದು ಅದು ಹೇಳಲಿಲ್ಲ.

ತಾಯಿತಂದೆಯರೇ, ನಿಮ್ಮ ಮಗಳು ಗುಮಟೆಯತ್ತಲೋ ತಬಲದತ್ತಲೋ ಕೈ ಚಾಚಿದರೆ ತಡೆಯಬೇಡಿ. ಕಲಿಸಿರಿ, ಜೊತೆಗೆ ಪ್ರಾರ್ಥಿಸಲೂ ಕಲಿಸಿರಿ. ತಾಳ ತಪ್ಪಿದರೆ ತಿದ್ದಬಹುದು. ಹೆಣ್ಣೆಂಬ ಕಾರಣಕ್ಕೆ ಕಸಿದುಕೊಂಡ ವಾದ್ಯದ ನೋವನ್ನು ತಿದ್ದುವುದು ಕಷ್ಟ.

ಮನೆಯಲ್ಲಿ ಚಿಂತಿಸಿರಿ: ದೇವರು ನಮ್ಮ ಕುಟುಂಬವನ್ನು ಯಾವ ಸಂಕಟದಿಂದ ಪಾರುಮಾಡಿದ್ದಾರೆ? ಅದನ್ನು ಹಾಡಿ ಸಾರಲು ನಮ್ಮ ಹೆಣ್ಣುಮಕ್ಕಳಿಗೆ ಅವಕಾಶ ಕೊಟ್ಟಿದ್ದೇವೆಯೇ?