ದೃಷ್ಟಿದೋಷದಿಂದ ಕೆಡುವ ಎರಡು ಅರಿವುಗಳು

ಅಜಾಮಿಳೋಪಾಖ್ಯಾನವನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಭಾಗವತದ ಆರನೆಯ ಸ್ಕಂಧದ ಈ ಕಥೆಯಲ್ಲಿ ಅಂತ್ಯಕಾಲದ ನಾರಾಯಣ ನಾಮೋಚ್ಚಾರವನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಪತನದ ಆರಂಭವನ್ನು ಮಾತ್ರ ಮಕ್ಕಳೆದುರು ಬೇಗನೆ ದಾಟಿಬಿಡುತ್ತೇವೆ. ತಂದೆಯ ಆಜ್ಞೆಯಂತೆ ಹೂವು, ಹಣ್ಣು, ಸಮಿತ್ತು, ದರ್ಭೆಗಳನ್ನು ತರಲು ಕಾಡಿಗೆ ಹೋಗಿದ್ದ ಸದಾಚಾರಿ ಯುವಕನು, ಹಿಂದಿರುಗುವಾಗ ಮದ್ಯದಿಂದ ಮೈಮರೆತ ಸ್ತ್ರೀಪುರುಷರ ಕ್ರೀಡೆಯನ್ನು ಕಂಡನು. ಮನಸ್ಸನ್ನು ಹಿಡಿದು ನಿಲ್ಲಿಸಲು ಯತ್ನಿಸಿಯೂ ಸೋತನು. ಕೊನೆಗೆ ಮನೆಯಲ್ಲಿದ್ದ ಧರ್ಮಪತ್ನಿಯನ್ನೇ ತೊರೆದನು.

ಅವನಿಗೆ ಆ ದೃಶ್ಯವು ಮನೆಯಿಂದ ದೂರದಲ್ಲಿ, ಆಕಸ್ಮಿಕವಾಗಿ ಎದುರಾಯಿತು. ಮುಂಬಯಿ, ಪುಣೆಗಳ ನಮ್ಮ ಎರಡು ಕೋಣೆಗಳ ಮನೆಗಳಲ್ಲಿ ಅದು ದೇವರ ಗೂಡಿನ ಪಕ್ಕದ ಕೋಣೆಯಲ್ಲೇ, ಹೊದಿಕೆಯೊಳಗಿನ ಮೊಬೈಲಿನಲ್ಲಿ ದೊರೆಯುತ್ತದೆ. ವಿಷಯವು ಮುಜುಗರದ್ದೆಂದು ಸುಮ್ಮನಿರುವ ಕಾಲ ಇದಲ್ಲ.

ಶ್ರೀಮದಾಚಾರ್ಯರು ಪ್ರತಿಪಾದಿಸಿದ ಪಂಚಭೇದಗಳಲ್ಲಿ ಜೀವ-ಜೀವ ಭೇದವೂ ಒಂದು. ಒಬ್ಬ ಜೀವನು ಇನ್ನೊಬ್ಬನಲ್ಲ; ಒಬ್ಬನ ಸ್ಥಾನವನ್ನು ಮತ್ತೊಬ್ಬನು ತುಂಬಲಾರನು. ಅಶ್ಲೀಲ ಚಿತ್ರವು ಮರೆಸುವುದು ಇದನ್ನೇ. ಅದರಲ್ಲಿ ಕಾಣುವವಳಿಗೆ ಊರಿಲ್ಲ, ಬಂಧುಗಳಿಲ್ಲ, ಆಯಾಸವಿಲ್ಲ, ಬೇಡವೆನ್ನುವ ಮಾತಿಲ್ಲ. ಬೆರಳು ಸರಿಸಿದರೆ ಆ ಜಾಗಕ್ಕೆ ಇನ್ನೊಬ್ಬಳು. ಇದಕ್ಕೇ ಒಗ್ಗಿದ ಕಣ್ಣಿಗೆ, ಲೋಕಲ್ ರೈಲಿನಲ್ಲಿ ನಿಂತು ದಣಿದು ಬಂದ ಹೆಂಡತಿಯ ಮೌನವೂ ಕೊರತೆಯಾಗಿ ಕಂಡೀತು. ತನ್ನ ದೇಹವನ್ನೇ ಆ ನಟರ ದೇಹದೊಡನೆ ತೂಗಿ ಕುಗ್ಗುವವರೂ ಉಂಟು. ಅದು ಅಭಿನಯವೆಂದೂ, ತುಣುಕುತುಣುಕಾಗಿ ಚಿತ್ರಿಸಿ ಜೋಡಿಸಿದ್ದೆಂದೂ ನೋಡುವಾಗ ಯಾರಿಗೆ ನೆನಪಿರುತ್ತದೆ?

ಆದರೆ ಉತ್ಪ್ರೇಕ್ಷೆಯೂ ಸಲ್ಲದು. ನಗ್ನಚಿತ್ರಗಳನ್ನು ನೋಡಿದ ಗಂಡಸರಿಗೆ ತಮ್ಮ ಪತ್ನಿಯರ ಮೇಲಿನ ಅನುರಾಗ ಕುಗ್ಗಿದಂತೆ ಕಂಡಿತೆಂದು 1989ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದರು. ಅದೇ ಪ್ರಯೋಗವನ್ನು ಬೇರೆ ವಿದ್ವಾಂಸರು ಮತ್ತೆ ನಡೆಸಿ 2017ರಲ್ಲಿ ಪ್ರಕಟಿಸಿದಾಗ ಆ ಫಲ ದೊರೆಯಲಿಲ್ಲ. ಅದೇ ವರ್ಷ ಐವತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ, ಹೆಚ್ಚು ನೋಡುವ ಗಂಡಸರಲ್ಲಿ ದಾಂಪತ್ಯಾದಿ ಸಂಬಂಧಗಳ ತೃಪ್ತಿ ಕೊಂಚ ಕಡಿಮೆಯೆಂದು ಕಂಡಿತು. ನೋಡಿದ್ದರಿಂದ ಅತೃಪ್ತಿಯೋ, ಅತೃಪ್ತಿಯಿಂದ ನೋಟವೋ ಎಂಬುದು ಇಂತಹ ಲೆಕ್ಕದಿಂದ ತೀರ್ಮಾನವಾಗುವುದಿಲ್ಲ. ಒಂದು ನೋಟಕ್ಕಿಂತ ಅಭ್ಯಾಸವೇ ಹೆಚ್ಚು ಚಿಂತನೀಯವೆಂದು ನಮಗೆ ತೋರುತ್ತದೆ.

ಎರಡನೆಯ ಕೇಡು ನಮ್ಮಂತಹ ಮನೆಗಳಿಗೇ ಹೆಚ್ಚು ಹತ್ತಿರದ್ದು. ಧರ್ಮಶ್ರದ್ಧೆಯುಳ್ಳವರು, ನೋಡುವ ಪ್ರಮಾಣ ಹೆಚ್ಚಿಲ್ಲದಿದ್ದರೂ, ತಾವು ವ್ಯಸನಿಗಳೇ ಆಗಿಬಿಟ್ಟೆವೆಂದು ಭಾವಿಸುವ ಸಂಭವ ಅಧಿಕವೆಂದು 2015ರ ಒಂದು ಅಧ್ಯಯನ ತಿಳಿಸಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯು, ಹತೋಟಿ ತಪ್ಪಿದ ಕಾಮವರ್ತನೆಯನ್ನು ಚಿಕಿತ್ಸೆಗೆ ಅರ್ಹವೆಂದು ಗುರುತಿಸಿದೆ; ಜೊತೆಗೆ, ಕೇವಲ ನೈತಿಕ ಅಸಮ್ಮತಿಯಿಂದ ಹುಟ್ಟಿದ ಸಂಕಟವಷ್ಟೇ ಆ ರೋಗದ ಲಕ್ಷಣವಾಗದೆಂದೂ ಸ್ಪಷ್ಟಪಡಿಸಿದೆ. ಓದು, ಉದ್ಯೋಗ, ನಿದ್ರೆಗಳು ಕೆಡುತ್ತಿದ್ದರೂ ಬಿಡಲಾಗದವನು ವೈದ್ಯರನ್ನು ಕಾಣಲಿ. ಒಂದೆರಡು ಬಾರಿ ನೋಡಿ, ಮರುದಿನ ಸಂಧ್ಯಾವಂದನೆಗೆ ಕೂರಲು ಹೆದರಿ ದೂರ ಸರಿಯುವ ಹುಡುಗನ ಸಂಗತಿ ಬೇರೆ. ‘ಕುಲಕ್ಕೆ ಕಳಂಕ’ ಎಂಬ ಒಂದು ಮಾತಿನಿಂದ ಹೆತ್ತವರು ಅವನ ಗುಟ್ಟನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತಾರೆ.

ಮತ್ತೆ ಅಜಾಮಿಳನನ್ನು ನೋಡೋಣ. ವಿಷ್ಣುದೂತರು ಅವನನ್ನು ಬಿಡಿಸಿದ ಮೇಲೆ ಅವನು ತನ್ನನ್ನು ಹಳಿದುಕೊಂಡನು, ನಿಜ. ಆದರೆ ಆ ಹಳಿಕೆಯಲ್ಲಿ ತಾನು ಕೈಬಿಟ್ಟ ವೃದ್ಧ ತಂದೆತಾಯಿಗಳೂ ಎಳೆಯ ಹೆಂಡತಿಯೂ ಇದ್ದಾರೆ. ಮರೆತ ಮುಖಗಳು ಮರಳಿ ಕಂಡಿವೆ. ಅದರ ಬೆನ್ನಿಗೇ, ಇಂತಹ ದೇವೋತ್ತಮರ ದರ್ಶನವಾಗಿ ಮನಸ್ಸು ತಿಳಿಯಾಗಬೇಕಾದರೆ ನಿರ್ಭಾಗ್ಯನಾದ ತನ್ನಲ್ಲಿಯೂ ಪೂರ್ವದ ಯಾವುದೋ ಮಂಗಳ ಉಳಿದಿರಬೇಕೆಂದು ಅವನು ಯೋಚಿಸುತ್ತಾನೆ. ಅನಂತರವೇ ಅವನು ಗಂಗಾದ್ವಾರಕ್ಕೆ ಹೊರಟದ್ದು.