ಮುಗಿಸುವುದನ್ನೂ ಕಲಿಸಬೇಕು

ಪ್ರೀತಿಯ ತಂಗಿ,

ನಿಮ್ಮ ಕಾಲೇಜಿನ ಗ್ರಂಥಾಲಯವನ್ನು ಕೋಹಾ ಎಂಬ ಗ್ರಂಥಾಲಯ ನಿರ್ವಹಣಾ ತಂತ್ರಾಂಶಕ್ಕೆ ತರುವ ಹೊಣೆ ನಿನ್ನ ಪಾಲಿಗೆ ಬಂದಿದೆ, ಪ್ರಾಂಶುಪಾಲರು ಆರು ತಿಂಗಳ ಗಡುವು ಹಾಕಿದ್ದಾರೆ ಎಂದು ಬರೆದಿದ್ದೀಯ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ನಾನೊಬ್ಬಳೇ ಕಲಿತರೆ ಸಾಕೇ, ಸಿಬ್ಬಂದಿಗೂ ಕಲಿಸಬೇಕೇ ಎಂದು ಕೇಳಿದ್ದೀಯ. ಎಲ್ಲರಿಗೂ ಕಲಿಸು, ಅಟೆಂಡರನ್ನೂ ಬಿಡಬೇಡ. ಇದೇ ಪ್ರಶ್ನೆ ನಿನ್ನ ವಯಸ್ಸಿನ ಎಷ್ಟೋ ಗ್ರಂಥಪಾಲಕರನ್ನು ಕಾಡುತ್ತಿರುವುದರಿಂದ ಎಲ್ಲರೂ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಓದಿನಲ್ಲಿ ನಾವು ಕಲಿತದ್ದು ವರ್ಗೀಕರಣ, ಸೂಚೀಕರಣ, ಪುಸ್ತಕದ ಕೊಡುಕೊಳ್ಳುವಿಕೆ. ಇವೆಲ್ಲ ಮುಗಿಯದ ಕೆಲಸಗಳು. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಕೇಂದ್ರವನ್ನು ಕಟ್ಟಿದ ಎಸ್. ಆರ್. ರಂಗನಾಥನ್ ಅವರು 1931ರಷ್ಟು ಹಿಂದೆಯೇ ಕೊಟ್ಟ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎನ್ನುತ್ತದೆ. ಬೆಳೆಯುವುದಕ್ಕೆ ಕೊನೆಯ ದಿನವಿಲ್ಲ. ಆದರೆ ತಂತ್ರಾಂಶ ಬದಲಿಸುವುದಕ್ಕೆ, ಹೊಸ ಕಟ್ಟಡಕ್ಕೆ ಹೋಗುವುದಕ್ಕೆ, ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಸುವುದಕ್ಕೆ ಶುರು ಇದೆ, ಕೊನೆ ಇದೆ, ಹಣಕ್ಕೆ ಮಿತಿ ಇದೆ. ಇಪ್ಪತ್ತು ವರ್ಷ ಕೌಂಟರಿನಲ್ಲಿ ಪಳಗಿದ ಕೈಗೂ ಇದು ಹೊಸ ಅಭ್ಯಾಸ. ಆ ಅಭ್ಯಾಸ ಮಾಡಿಸದೆ ಕೆಲಸ ಹೊರಿಸಿ, ನಿಧಾನವಾಯಿತೆಂದು ಸಿಬ್ಬಂದಿಯನ್ನು ದೂರುವುದು ನ್ಯಾಯವಲ್ಲ.

ನೀನು ಹಾಕಲಿರುವ ಕೋಹಾ ಹುಟ್ಟಿದ್ದೇ ಇಂಥ ಗಡುವಿನಲ್ಲಿ. ನ್ಯೂಜಿಲೆಂಡಿನ ಹೊರೊಫೆನುವಾ ಲೈಬ್ರರಿ ಟ್ರಸ್ಟ್‌ನ ಹಳೆಯ ತಂತ್ರಾಂಶ 2000ನೇ ಇಸವಿಯ ದಿನಾಂಕವನ್ನು ತಾಳುವಂತಿರಲಿಲ್ಲ. ಕಟಿಪೊ ಎಂಬ ಸಣ್ಣ ಕಂಪನಿ 1999ರಲ್ಲಿ ಅವರಿಗಾಗಿ ಹೊಸದನ್ನು ಬರೆಯಿತು. 2000ದ ಜನವರಿಯಲ್ಲಿ ಅದು ಕೆಲಸಕ್ಕೆ ನಿಂತಿತು. ಮುಂದೂಡಲು ಬಾರದ ದಿನಾಂಕ ಅದು. ಅಂಥ ದಿನಾಂಕ ಎದುರಿಗಿದ್ದಾಗ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಆ ದಿನಕ್ಕೆ ಏನು ಆಗಲೇಬೇಕು, ಯಾವುದು ಆಮೇಲೆ ಬಂದರೂ ನಡೆದೀತು? ನಿನ್ನ ತರಬೇತಿಯ ಮೊದಲ ಪಾಠ ಇದಾಗಲಿ.

ಎರಡನೆಯ ಪಾಠ ಲೆಕ್ಕ. ನಿಮ್ಮಲ್ಲಿ ಮೂವತ್ತು ಸಾವಿರ ಪುಸ್ತಕಗಳಿವೆ ಎಂದಿದ್ದೀಯ. ಪುಸ್ತಕ ತೆಗೆದು, ರಿಜಿಸ್ಟರಿನೊಂದಿಗೆ ತಾಳೆ ನೋಡಿ, ವಿವರ ತುಂಬಿ, ಬಾರ್‌ಕೋಡ್ ಅಂಟಿಸಲು ಒಬ್ಬರಿಗೆ ದಿನಕ್ಕೆ ಅರವತ್ತು ಸಾಧ್ಯ ಎಂದಿಟ್ಟುಕೋ. ಇಬ್ಬರಿಗೆ ನೂರಿಪ್ಪತ್ತು. ಮೂವತ್ತು ಸಾವಿರಕ್ಕೆ 250 ದಿನ. ತಿಂಗಳಿಗೆ 22 ಕೆಲಸದ ದಿನವೆಂದರೂ ಹನ್ನೊಂದು ತಿಂಗಳು ದಾಟುತ್ತದೆ. ಪರೀಕ್ಷೆ, ರಜೆ, ಕರೆಂಟ್ ಹೋಗುವುದು ಇದರಲ್ಲಿ ಸೇರಿಲ್ಲ. ಈ ಲೆಕ್ಕವನ್ನು ನೀನು ಮಾಡಿ ಹೇಳಬೇಡ, ಸಿಬ್ಬಂದಿಯ ಕೈಯಲ್ಲೇ ಮಾಡಿಸು. ಆಗ ದಾರಿಗಳೂ ಅವರ ಬಾಯಿಂದಲೇ ಬರುತ್ತವೆ: ಮಕ್ಕಳು ಹೆಚ್ಚು ಒಯ್ಯುವ ಪುಸ್ತಕಗಳನ್ನು ಮೊದಲು ಮುಗಿಸೋಣ, ಹಿಂದಿನ ಕಪಾಟುಗಳನ್ನು ಎರಡನೆಯ ಹಂತಕ್ಕೆ ಇಡೋಣ, ಇನ್ನಿಬ್ಬರನ್ನು ಕೇಳೋಣ. ಆ ಕಾಗದ ಹಿಡಿದು ಪ್ರಾಂಶುಪಾಲರ ಬಳಿ ಮೊದಲ ವಾರವೇ ಹೋಗು. ಆರನೆಯ ತಿಂಗಳಲ್ಲಿ ಹೇಳಿದರೆ ಅದು ನೆಪವಾಗುತ್ತದೆ.

ಹೇಗೆ ಕಲಿಸಲಿ ಎಂದರೆ, ಪಟ್ಟಿಯ ಮೇಲೆ ಪಟ್ಟಿ ತೋರಿಸುವ ಸ್ಲೈಡುಗಳು ಬೇಡ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುವ ನಾಡು ನಮ್ಮದು. ಒಂದು ಮದುವೆಯ ಕೆಲಸಗಳನ್ನು ಚೀಟಿಗಳಲ್ಲಿ ಬರೆಸು. ಮುಹೂರ್ತ ಗೊತ್ತಾಗದೆ ಛತ್ರ ಹಿಡಿಯಲಾಗದು, ಛತ್ರ ಸಿಗದೆ ಲಗ್ನಪತ್ರಿಕೆ ಅಚ್ಚಿಗೆ ಹೋಗದು. ಸೀರೆ ಕೊಳ್ಳುವುದು ಮಾತ್ರ ಇದಾವುದಕ್ಕೂ ಕಾಯಬೇಕಿಲ್ಲ. ಯಾವುದರ ಹಿಂದೆ ಯಾವುದು, ಯಾವುದು ತಡವಾದರೆ ಎಲ್ಲ ತಡ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮರುದಿನ ಅದೇ ಚೀಟಿಗಳಲ್ಲಿ ಗ್ರಂಥಾಲಯದ ಕೆಲಸ ಬರೆಸಿ, ವಾರಗಳ ಕೋಷ್ಟಕದ ಮೇಲೆ ಜೋಡಿಸಿ ಗೋಡೆಗೆ ಹಚ್ಚಿಸು. ಗ್ಯಾಂಟ್ ಚಾರ್ಟ್ ಎಂದರೆ ಇದೇ.

ಆಮೇಲೆ ನೂರು ಪುಸ್ತಕಗಳ ಒಂದೇ ಕಪಾಟು ಎತ್ತಿಕೊಂಡು ಮೊದಲಿಂದ ಕೊನೆಯವರೆಗೆ ಮುಗಿಸಿ ನೋಡಿ. ನಿಜವಾದ ತರಬೇತಿ ಇಲ್ಲೇ ಆಗುವುದು. ಒಂದು ಪುಸ್ತಕದಲ್ಲಿ ಲೇಖಕರು ಕುವೆಂಪು, ಇನ್ನೊಂದರಲ್ಲಿ ಕೆ. ವಿ. ಪುಟ್ಟಪ್ಪ. ಇದ್ದದ್ದನ್ನು ಇದ್ದ ಹಾಗೆ ತುಂಬಿದರೆ ಒಬ್ಬರೇ ಇಬ್ಬರಾಗಿ, ಹುಡುಕುವ ವಿದ್ಯಾರ್ಥಿಗೆ ಅರ್ಧ ಪುಸ್ತಕಗಳೇ ಕಾಣಿಸುವುದಿಲ್ಲ. ಹಳೆಯ ಪಟ್ಟಿ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿದ್ದರೆ, ಪರಿವರ್ತಿಸದೆ ಏರಿಸಿದಾಗ ಪರದೆಯ ಮೇಲೆ ಬರುವುದು ಅರ್ಥವಿಲ್ಲದ ಅಕ್ಷರಗಳು. ಬಾರ್‌ಕೋಡ್ ರಕ್ಷಾಪುಟದ ಹೊರಗೋ ಒಳಗೋ ಎಂಬುದನ್ನು ನಿಮ್ಮ ಅಟೆಂಡರನ್ನೇ ಕೇಳು. ಒಳಗೆ ಅಂಟಿಸಿದರೆ ಸ್ಟಾಕ್ ವೆರಿಫಿಕೇಶನ್ ದಿನ ಮೂವತ್ತು ಸಾವಿರ ಪುಸ್ತಕ ಬಿಚ್ಚಬೇಕೆಂಬುದು, ಪ್ರತಿ ವರ್ಷ ಅವನ್ನು ಇಳಿಸಿ ಏರಿಸುವ ಅವರಿಗೆ ಚೆನ್ನಾಗಿ ಗೊತ್ತು. ಹೀಗೆ ಆದ ತೀರ್ಮಾನಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ. ನೂರರಲ್ಲಿ ತಿದ್ದುವುದು ಸುಲಭ, ಹದಿನೈದು ಸಾವಿರ ಆದಮೇಲೆ ಕಷ್ಟ.

ತರಬೇತಿ ಕೊಟ್ಟರಷ್ಟೇ ಸಾಲದು, ಸಮಯವನ್ನೂ ಅಧಿಕಾರವನ್ನೂ ಕೊಡಬೇಕು. ಇಶ್ಯೂ ಕೌಂಟರಿನಲ್ಲಿ ಸಾಲು ನಿಂತಿರುವಾಗ ಯಾರೂ ಡೇಟಾ ಎಂಟ್ರಿ ಮಾಡಲಾರರು. ದಿನಕ್ಕೆ ಇಷ್ಟು ಗಂಟೆ ಈ ಇಬ್ಬರು ಕೌಂಟರಿಗೆ ಇಲ್ಲ ಎಂದು ಬರವಣಿಗೆಯಲ್ಲಿ ಒಪ್ಪಿಗೆ ಪಡೆ. ಪ್ರತಿ ಚೀಟಿಯ ಮೇಲೆ ಒಬ್ಬರದೇ ಹೆಸರಿರಲಿ. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ. ಸೋಮವಾರ ಬೆಳಿಗ್ಗೆ ಕಾಲು ಗಂಟೆ ಗೋಡೆಯ ಮುಂದೆ ನಿಂತು ಮೂರೇ ಮಾತು: ಏನಾಯಿತು, ಏನು ಉಳಿಯಿತು, ಎಲ್ಲಿ ಸಿಕ್ಕಿಕೊಂಡಿದೆ. ಸಿಕ್ಕಿಕೊಂಡಿದೆ ಎಂದವರನ್ನು ಗದರಬೇಡ. ಒಮ್ಮೆ ಗದರಿದರೆ ಮುಂದಿನ ವಾರದಿಂದ ಎಲ್ಲವೂ ‘ಆಗ್ತಾ ಇದೆ ಮೇಡಂ’ ಆಗಿಬಿಡುತ್ತದೆ.

ಕೊನೆಗೆ, ಮುಗಿಸುವುದನ್ನೂ ಕಲಿಸು. ಪಾಸ್‌ವರ್ಡುಗಳು ಯಾರ ಬಳಿ, ಬ್ಯಾಕಪ್ ಎಲ್ಲಿ, ಅದನ್ನು ಮರಳಿ ತಂದು ನೋಡಿದ್ದೀರಾ, ಗುತ್ತಿಗೆಯ ಮೇಲೆ ಯಾರಾದರೂ ಬಂದಿದ್ದರೆ ಅವರು ಹೋದಮೇಲೆ ತಪ್ಪು ತಿದ್ದುವವರು ಯಾರು ಎಂಬುದೆಲ್ಲ ಕಾಗದದ ಮೇಲಿರಲಿ. ಉದ್ಘಾಟನೆಯ ಫೋಟೋ ತೆಗೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ದಿನದ ಕೆಲಸದೊಳಗೆ ಸೇರಿಕೊಂಡಾಗ ಮುಗಿಯಿತು. ಓದುಗರ ಸಮಯ ಉಳಿಸು ಎಂಬುದು ರಂಗನಾಥನ್ ಅವರ ನಾಲ್ಕನೆಯ ಸೂತ್ರ. ಈ ಶ್ರಮವೆಲ್ಲ ಅದಕ್ಕಾಗಿಯೇ. ಒಂದು ಕೆಲಸವನ್ನು ತಾವೇ ಯೋಜಿಸಿ ತಾವೇ ಮುಗಿಸಿದ ಸಿಬ್ಬಂದಿ ಮುಂದಿನದಕ್ಕೆ ಆದೇಶ ಕಾಯುವುದಿಲ್ಲ. ನಮ್ಮ ಓದುಗರಿಗೆ ಇನ್ನೇನು ಬೇಕು ಎಂದು ತಾವಾಗಿಯೇ ಕೇಳಿಕೊಂಡು ಬರುತ್ತಾರೆ. ನಿನ್ನ ಗ್ರಂಥಾಲಯಕ್ಕೆ ತಂತ್ರಾಂಶಕ್ಕಿಂತ ದೊಡ್ಡ ಆಸ್ತಿ ಅವರೇ.

ಇತಿ,
ನಿನ್ನ ಹಿತೈಷಿ,
ಒಬ್ಬ ಹಿರಿಯ ಗ್ರಂಥಪಾಲಕ